ಕೆಂಪು ಉಂಗುರದ ಕೊಕ್ಕೆ

ಟಕ್.

ಉಗುರಿನಿಂದ ಸ್ಟೀಲ್ ಲೋಟ ತಟ್ಟಿದಷ್ಟೇ ಸದ್ದು. ಬಂದದ್ದು ಬೀಗ ಹಾಕಿದ ಸ್ಟೋರಿನ ಒಳಗಿನಿಂದ. ಮಧ್ಯರಾತ್ರಿ ಕಳೆದಿತ್ತು. ಹಾರೋಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ ನನ್ನನ್ನು ಬಿಟ್ಟರೆ ಗೇಟಿನ ಕಾವಲುಗಾರ ಮಾತ್ರ ಇದ್ದ.

ಮೇಜಿನ ಮೇಲಿನ ಫೋನಿನಲ್ಲಿ ಮಧುಕುಮಾರನ ದನಿ ಕೇಳುತ್ತಲೇ ಇತ್ತು. ಅವನು ನಮ್ಮ ಕಾರ್ಖಾನೆಯ ತಂತ್ರಜ್ಞ, ಕನಕಪುರದ ಹುಡುಗ. ಈಗ ಇದ್ದದ್ದು ಬಂಗಾಳ ಕೊಲ್ಲಿಯ ನಡುವೆ, ಅಂಬುಧಿ ಎಂಬ ಸಂಶೋಧನಾ ಹಡಗಿನಲ್ಲಿ.

"ಚೈತ್ರಕ್ಕಾ, ಏನ್ ಸುಮ್ಕಾಗ್ಬುಟ್ಟೆ? ಪೆಟ್ಟಿಗೆ ಸರಿಯಾಗೈತಾ ಇಲ್ವಾ?"

"ಒಂದ್ನಿಮಿಷ ಇರು ಮಧು."

"ಸಂಜೆಯಿಂದ ಕರೀತಾನೇ ಇವ್ನಿ. ಕೆಂಪು ಬಾಯೇ ಬಿಡ್ತಿಲ್ಲ. ಯಾಸ್ಮಿನ್ ಮೇಡಮ್ಮು ನನ್ ಮುಖಾನೇ ನೋಡ್ಕಂಡು ಕೂತವ್ರೆ, ಅವ್ರ ಯಂತ್ರಾನ ನಾನೇ ನುಂಗ್ಬುಟ್ಟಿರಂಗೆ."

ಯಾಸ್ಮಿನ್ ಆ ಹಡಗಿನ ವಿಜ್ಞಾನಿ. ನಾನು ನಗಲಿಲ್ಲ. ಅವನ ಹತ್ತಿರ ಇರುವಂಥದೇ ಇನ್ನೊಂದು ಕರೆಯುವ ಪೆಟ್ಟಿಗೆ ನನ್ನ ಮುಂದಿತ್ತು. ಅವನದು ಕೆಟ್ಟಿರಬಹುದೇ ಎಂದು ತಿಳಿಯಲು ನಾನು ಇಲ್ಲಿ ಕೆಂಪು ಗುಂಡಿ ಒತ್ತಿ, ಎರಡೂ ಸದ್ದುಗಳನ್ನು ಫೋನಿನಲ್ಲೇ ಹೋಲಿಸಿ ನೋಡಿದ್ದೆ. ಒಂದಕ್ಕೊಂದು ಕೂಡಿಬಂದಿದ್ದವು. ಆದರೆ ನನ್ನ ಪೆಟ್ಟಿಗೆಯ ಕರೆಯನ್ನು ಸ್ಟೋರಿನೊಳಗೆ ಯಾವುದೋ ಒಂದು ಕೇಳಿಸಿಕೊಂಡಿತ್ತು. ಕೇಳಿಸಿಕೊಂಡು, ಹೇಳಿದಂತೆ ಮಾಡಿತ್ತು.

ನಾವು ಮಾಡುವುದು ಕೊಕ್ಕೆ. ಸಮುದ್ರದ ತಳದ ನಡುಕವನ್ನು ದಾಖಲಿಸುವ ಯಂತ್ರಗಳನ್ನು ವಿಜ್ಞಾನಿಗಳು ನಾಲ್ಕು ಕಿಲೋಮೀಟರ್ ಆಳಕ್ಕೆ ಇಳಿಸುತ್ತಾರೆ. ಯಂತ್ರ ತಾನಾಗಿ ತೇಲುವಂಥದು. ಅದನ್ನು ತಳದಲ್ಲಿ ಹಿಡಿದಿಡಲು ಒಂದು ಕಬ್ಬಿಣದ ಭಾರ, ಯಂತ್ರಕ್ಕೂ ಭಾರಕ್ಕೂ ನಡುವೆ ನಮ್ಮ ಕೊಕ್ಕೆ. ತಿಂಗಳುಗಟ್ಟಲೆ ಅದು ಆ ಕತ್ತಲಲ್ಲಿ ಬಾಯಿ ಕಚ್ಚಿಕೊಂಡಿರುತ್ತದೆ. ಹಡಗು ಹಿಂತಿರುಗಿ ಬಂದು, ನೀರಿನೊಳಗೆ ಆ ಕೊಕ್ಕೆಯದೇ ಆದ ಸದ್ದನ್ನು ಕಳಿಸಿದಾಗ ಬಾಯಿ ಬಿಡುತ್ತದೆ. ಭಾರ ಅಲ್ಲೇ ಉಳಿಯುತ್ತದೆ. ಯಂತ್ರ ಮೇಲೇಳುತ್ತದೆ.

ಮಾಗಡಿ ಹತ್ತಿರದ ಕಲ್ಯದಲ್ಲಿರುವ ನಮ್ಮವ್ವ ದೊಡ್ಡಲಕ್ಷ್ಮಮ್ಮನಿಗೆ ಇದನ್ನು ಒಂದೇ ಸಲ ವಿವರಿಸಿದ್ದೆ. ಅಂದಿನಿಂದ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಅವಳು ಹೇಳುವುದು ಒಂದೇ ಮಾತು: "ನನ್ ಮಗ್ಳು ಸಮುದ್ರುದ್ ತಳಕ್ಕೆ ಕೊಕ್ಕೆ ಹಾಕೋಳು." ನನಗೆ ಮುಜುಗರವಾಗುತ್ತದೆ. ನಿಲ್ಲಿಸು ಎಂದು ಮಾತ್ರ ಇದುವರೆಗೂ ಹೇಳಿಲ್ಲ.

ಬೀಗ ತೆಗೆದು ದೀಪ ಹಾಕಿದೆ. ಸ್ಟೋರಿನ ನಡುವಿನ ಹಲಗೆಯ ಮೇಲೆ ಉಳಿಕೆ ಕೊಕ್ಕೆ ಒಂದೇ ಒಂದು ಮಲಗಿತ್ತು. ಸಂಜೆ ನಾನೇ ಕೈಯಾರೆ ಮುಚ್ಚಿಟ್ಟಿದ್ದ ಅದರ ಬಾಯಿ ಈಗ ಅಗಲವಾಗಿ ತೆರೆದಿತ್ತು.

ಅದರ ಕೊರಳಲ್ಲಿ ಇದ್ದದ್ದು ನೀಲಿ ಉಂಗುರ.

ಕೆಂಪಿನ ಕರೆಗೆ ನೀಲಿ ಬಾಯಿ ಬಿಟ್ಟಿತ್ತು.

*

ನಮ್ಮ ಕೊಕ್ಕೆಗಳ ಮೇಲೆ ಅಂಕಿ ಕೊರೆಯುವುದಿಲ್ಲ. ಕೊರೆದ ಜಾಗದಿಂದಲೇ ಉಪ್ಪು ಲೋಹವನ್ನು ತಿನ್ನಲು ಶುರುಮಾಡುತ್ತದೆ. ಅದಕ್ಕೆ ಪ್ರತಿ ಕೊಕ್ಕೆಗೂ ಚನ್ನಪಟ್ಟಣದ ಒಂದು ಮರದ ಉಂಗುರ, ಅರಗಿನ ಬಣ್ಣ ಹಚ್ಚಿದ್ದು. ಪೆಟ್ಟಿಗೆಯಲ್ಲಿ ಅದನ್ನು ಕರೆಯುವ ಗುಂಡಿಗೂ ಅದೇ ಬಣ್ಣ. ಹಡಗಿನಲ್ಲಿ ಕೈಗವಸು ತೊಟ್ಟ, ನೀರು ಸಿಡಿದ ಕಣ್ಣಿನವರಿಗೂ ಬಣ್ಣ ಕಾಣುತ್ತದೆ. ಕೊಕ್ಕೆಯನ್ನು ನೀರಿಗಿಳಿಸುವ ಮುನ್ನ ಉಂಗುರ ಕಳಚಿ, ಹಡಗಿನ ಗೋಡೆಯ ನಕ್ಷೆಯಲ್ಲಿ ಆ ಜಾಗದ ಮೊಳೆಗೆ ನೇತುಹಾಕುತ್ತಾರೆ. ಈಗ ಆ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ಮೂರು ಉಂಗುರಗಳಿವೆ. ನೀಲಿ ಇಲ್ಲೇ ಉಳಿದಿತ್ತು, ಅಥವಾ ಹಾಗೆಂದು ನಾವು ನಂಬಿದ್ದೆವು.

"ಮಧು, ಕೆಂಪು ಕೊಕ್ಕೆ ಸಮುದ್ರದಲ್ಲಿ ಇಲ್ಲ. ಇಲ್ಲೇ ಇದೆ. ನೀಲಿ ಉಂಗುರ ಹಾಕಿಕೊಂಡು."

ಗಾಳಿಯ ಸದ್ದಿನ ನಡುವೆ ಅವನ ಮಾತು ಬಂತು.

"ಹಂಗಾರೆ ಕೆಳಗಿರೋದು ನೀಲಿ ತಾನೇ? ನೀಲಿ ಒತ್ತಲಾ?"

"ಬೇಡ."

"ಯಾಕಕ್ಕ?"

"ಬದಲಾಗಿದ್ದು ಎರಡೇ ಉಂಗುರವೋ, ನಾಲ್ಕೂ ಕಲಸಿಹೋಗಿವೆಯೋ ಗೊತ್ತಿಲ್ಲ. ಹಳದಿ ಜಾಗದಲ್ಲಿ ಮಲಗಿರೋದೇ ನೀಲಿ ಆಗಿದ್ದರೆ? ನೀನು ನೀಲಿ ಕರೆದರೆ ಅದು ಎದ್ದು ಬರುತ್ತೆ. ಹಳದಿ, ಹಸಿರು ಇನ್ನೂ ಒಂದು ವರ್ಷ ಅಲ್ಲೇ ಇರಬೇಕು. ಒಮ್ಮೆ ಎದ್ದದ್ದನ್ನು ವಾಪಸ್ ಮಲಗಿಸೋಕೆ ಆಗಲ್ಲ."

"ಸುಮ್ಕಿದ್ರೂ ಆಗಲ್ವಲ್ಲಕ್ಕ. ಚಂಡಮಾರುತ ಬತ್ತಾ ಐತೆ. ಮಧ್ಯಾಹ್ನಕ್ಕೆ ಇಲ್ಲಿಂದ ಹೊರಡ್ಲೇಬೇಕು ಅಂತ ಕ್ಯಾಪ್ಟನ್ ಹೇಳ್ಬುಟ್ಟವ್ರೆ. ಈ ಕೊಕ್ಕೇಗೆ ಇಳಿಸೋವಾಗ ಸಣ್ ಬ್ಯಾಟರಿನೇ ಹಾಕಿದ್ದು, ಮುಂದಿನ ಸಲ ಬರೋ ಹೊತ್ಗೆ ಸತ್ತೋಗಿರ್ತದೆ."

ಅದು ನನಗೂ ಗೊತ್ತಿತ್ತು. ಬ್ಯಾಟರಿ ಸತ್ತರೆ ಯಂತ್ರ ಎಂದೆಂದಿಗೂ ಅಲ್ಲೇ. ಆರು ತಿಂಗಳು ಸಮುದ್ರದ ತಳ ನಡುಗಿದ್ದನ್ನೆಲ್ಲ ಅದು ಒಂದೂ ಬಿಡದೆ ಬರೆದುಕೊಂಡಿದೆ. ಅದನ್ನು ಯಾರೂ ಎಂದೂ ಓದಲಾರರು.

"ಪೆಟ್ಟಿಗೆ ನಿನ್ನ ಹತ್ತಿರವೇ ಇಟ್ಟುಕೋ. ನಾನು ಹೇಳುವ ತನಕ ಯಾವ ಗುಂಡಿಯನ್ನೂ ಮುಟ್ಟಬೇಡ."

"ಆಯ್ತಕ್ಕ," ಎಂದ. ಫೋನ್ ಇಡಲು ಒಂದು ಕ್ಷಣ ಹೆಚ್ಚೇ ತೆಗೆದುಕೊಂಡ ಅನ್ನಿಸಿತು. ನನಗೆ ಹೀಗೆ ಎಲ್ಲದರ ಬಗ್ಗೆಯೂ ಅನ್ನಿಸುತ್ತಿರುತ್ತದೆ.

*

ಮಾಲೀಕರಾದ ದೇವರಾಜ್ ಸರ್‌ಗೆ ಬೆಳಕು ಹರಿಯುತ್ತಲೇ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

"ಮತೀನ್ ಅಲ್ಲದೆ ಇನ್ಯಾರಮ್ಮ? ಉಂಗುರ ಮಾಡೋನೇ ಅವನು."

ಎರಡು ವಾರದ ಹಿಂದೆ, ಈ ಯಂತ್ರಗಳನ್ನು ಇಳಿಸಿದ ಸಂಶೋಧನಾ ಸಂಸ್ಥೆಯವರಿಗೆ ಹೆಸರಿಲ್ಲದ ಒಂದು ಮೆಸೇಜ್ ಹೋಗಿತ್ತು: "ಹಾರೋಹಳ್ಳಿ ಕೊಕ್ಕೆಗಳ ಬಣ್ಣ ನಂಬಬೇಡಿ." ಕಳಿಸಿದ್ದು ಯಾರೆಂದು ಹುಡುಕುವ ಕೆಲಸವನ್ನು ಸರ್ ನನಗೆ ಒಪ್ಪಿಸಿದ್ದರು. ಅಂದಿನಿಂದ ಎಲ್ಲರ ಕಣ್ಣೂ ಮತೀನನ ಮೇಲೆ.

"ನೋಡದೆ ಹೇಳಲಾರೆ ಸರ್," ಎಂದೆ.

"ಯಂತ್ರ ಮಧ್ಯಾಹ್ನದೊಳಗೆ ಮೇಲೆ ಬರದೇ ಇದ್ದರೆ ನಾನು ನೋಡ್ತಾ ಕೂರಲ್ಲ. ಅವನ ಹೆಸರು ಬರೆದು ಪೊಲೀಸರಿಗೆ ಕೊಡ್ತೀನಿ. ಮೂವತ್ತು ವರ್ಷದ ಹೆಸರು ಚೈತ್ರಾ ಇದು. ಒಬ್ಬನಿಂದ ಹಾಳಾಗೋಕೆ ಬಿಡಲ್ಲ."

ನಾನು ಕರೆದೊಡನೆ ಮತೀನ್ ಚನ್ನಪಟ್ಟಣದಿಂದ ಬೈಕಿನಲ್ಲಿ ಬಂದ. ಅವನ ತಾತನ ಕಾಲದಿಂದಲೂ ಬೊಂಬೆ ಕಡೆಯುವ ಮನೆ ಅದು. ಈಗ ಅವನು ನಮ್ಮಲ್ಲಿ ಲೋಹ ಕಡೆಯುತ್ತಾನೆ, ಉಂಗುರಗಳನ್ನು ಮಾತ್ರ ಮನೆಯಲ್ಲೇ ಮಾಡುತ್ತಾನೆ. ಬಣ್ಣ ಹಚ್ಚುವವರು ಅವನ ತಾಯಿ ಮುನವ್ವರಾ. ಹೆಲ್ಮೆಟ್ ತೆಗೆಯುತ್ತಲೇ ನನ್ನ ಮುಖ ನೋಡಿದ.

"ಪೊಲೀಸ್ ಬಂದವ್ರಾ, ಬರ್ಬೇಕಾ?"

"ಬಂದಿಲ್ಲ. ಕೂತ್ಕೋ."

"ನಿಂತೇ ಇರ್ತೀನಿ. ಕೂತ್ರೆ ಎದ್ದು ಓಡೋಕೆ ಟೈಮ್ ಹಿಡೀತದೆ."

ಹಾಗೆಂದವನೇ ಕೂತ. ಹೆಲ್ಮೆಟನ್ನು ತೊಡೆಯ ಮೇಲೆ ಅದುಮಿ ಹಿಡಿದಿದ್ದ.

ನಾನು ಕೊಕ್ಕೆಯನ್ನು ಕಿಟಕಿಯ ಬೆಳಕಿಗೆ ತಂದು, ನೀಲಿ ಉಂಗುರವನ್ನು ಮೆಲ್ಲಗೆ ಕಳಚಿದೆ. ಮತೀನ್ ಬಗ್ಗಿ ನೋಡಿದ.

ಉಂಗುರ ಮುಚ್ಚಿದ್ದ ಜಾಗದಲ್ಲಿ, ಕೊರಳಿನ ಅಂಚು ಒಂದು ಕಡೆ ಮುಕ್ಕಾಗಿತ್ತು. ಅಕ್ಕಿಕಾಳಿನಷ್ಟು. ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ನನ್ನ ಕಣ್ಣು ನಿಂತದ್ದು ಅಲ್ಲಲ್ಲ. ಆ ಮುಕ್ಕಿನ ಕುಳಿಯೊಳಗೆ ಏನೋ ಒಣಗಿ ಕೂತಿತ್ತು. ಉಗುರಿನಿಂದ ಕೆರೆದೆ. ಹಳದಿ ಪುಡಿ ಉದುರಿತು. ಮೂಸಿದೆ.

ಅರಿಶಿನ.

"ಈ ಮುಕ್ಕು ನಂಗೊತ್ತು," ಎಂದ ಮತೀನ್. "ಆಯುಧ ಪೂಜೆ ಹಿಂದಿನ್ ದಿನ ಬೆಂಚಿಂದ ಬಿತ್ತು. ನಾನೇ ಎತ್ತಿಟ್ಟಿದ್ದು."

"ಅವತ್ತು ಕೊರಳಲ್ಲಿ ಯಾವ ಉಂಗುರ ಇತ್ತು?"

"ಕೆಂಪು." ಹೇಳಿದ ಮೇಲೆ ಕಹಿಯಾಗಿ ನಕ್ಕ. "ನನ್ ಮಾತು ಯಾರ್ ನಂಬ್ತಾರಕ್ಕ? ಉಂಗ್ರ ಮಾಡೋನು ನಾನು, ಬಾಯ್ ಬಡ್ಕೊಳೋನೂ ನಾನೇ."

ನಾನು ನಂಬಿದೆ. ಅವನ ಮಾತಿಗಿಂತ ಆ ಅರಿಶಿನವನ್ನು ಹೆಚ್ಚು ನಂಬಿದೆ.

ಪೂಜೆಯ ದಿನ ಎಲ್ಲ ಯಂತ್ರಗಳಿಗೂ ಅರಿಶಿನ ಕುಂಕುಮ ಇಡುತ್ತಾರೆ. ಆಮೇಲೆ ಒರೆಸಿ, ಎಣ್ಣೆ ಹಚ್ಚುತ್ತಾರೆ. ಆದರೆ ಇದು ಇಟ್ಟದ್ದಲ್ಲ, ಕುಳಿಯೊಳಗೆ ಬೆರಳಿನಿಂದ ಒತ್ತಿ ಮೆತ್ತಿದ್ದು. ಮೆತ್ತಿದವರಿಗೆ ಮುಕ್ಕು ಕಂಡಿತ್ತು. ಅದು ಅವರ ಮನಸ್ಸಿಗೆ ಚುಚ್ಚಿಯೂ ಇತ್ತು.

ನಮ್ಮಲ್ಲಿ ಮುಕ್ಕಾದದ್ದನ್ನು ಪೂಜೆಗೆ ಇಡುವುದಿಲ್ಲ. ಒಡಕು ಬಿಂಬವನ್ನು ನೀರಿಗೆ ಬಿಡುತ್ತಾರೆ, ಬಿರುಕು ಬಿಟ್ಟ ತೆಂಗಿನಕಾಯಿಯನ್ನು ಕಳಶಕ್ಕೆ ಇಡುವುದಿಲ್ಲ. ಕೆಂಪು ಕೊಕ್ಕೆ ಆ ವರ್ಷದ ಮೊದಲ ಕೊಕ್ಕೆ. ಪೂಜೆಯ ಪೀಠದ ನಡುವೆ ಕೂರಬೇಕಾಗಿದ್ದದ್ದು ಅದೇ. ಅದು ಮುಕ್ಕಾಗಿದ್ದರೆ ಪೂಜೆ ಮಾಡುವವರು ಏನು ಮಾಡುತ್ತಾರೆ?

ಮೂವತ್ತು ವರ್ಷದಿಂದ ಕಾರ್ಖಾನೆಯ ಆಯುಧ ಪೂಜೆ ಮಾಡುತ್ತ ಬಂದವರು ಒಬ್ಬರೇ. ನಮ್ಮ ಹಿರಿಯ ಮೇಸ್ತ್ರಿ ಮುನಿಶಾಮಯ್ಯ. ನಮ್ಮೂರಿನವರೇ, ಕಲ್ಯದವರು. ನನ್ನನ್ನು ಈ ಕಾರ್ಖಾನೆಗೆ ಕರೆತಂದು ಸೇರಿಸಿದವರು. ಚಿಕ್ಕಂದಿನಿಂದ ನಾನು ಅವರನ್ನು ಮಾವ ಎಂದೇ ಕರೆದವಳು.

ಅಂದು ಭಾನುವಾರ. ಅವರು ಊರಿನಲ್ಲಿದ್ದರು. ಫೋನ್ ಮಾಡಲಿಲ್ಲ. ಫೋನಿನಲ್ಲಿ ಮುಖ ಕಾಣುವುದಿಲ್ಲ.

"ಗಾಡಿ ತೆಗಿ ಮತೀನ್. ಕಲ್ಯಕ್ಕೆ."

*

ಕಾರ್ಖಾನೆಯ ವ್ಯಾನು ಬಿಡದಿ ದಾಟಿ ಮಾಗಡಿ ರಸ್ತೆ ಹಿಡಿಯಿತು. ದಾರಿಯುದ್ದಕ್ಕೂ ಮಾವಿನ ಹಣ್ಣಿನ ಗಾಡಿಗಳು. ನಾನು ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಕೊಕ್ಕೆಯನ್ನು ಹಿಡಿದು ಕೂತಿದ್ದೆ.

ಮುನಿಶಾಮಯ್ಯನವರ ಅಂಗಳದ ತುಂಬ ಜನ. ಮರದಿಂದ ಇಳಿಸಿದ ಮಾವಿನಕಾಯಿಯನ್ನು ಹುಲ್ಲಿನ ಮೇಲೆ ಹರಡಿ, ದೊಡ್ಡದು ಚಿಕ್ಕದು ಬೇರೆ ಮಾಡುತ್ತಿದ್ದರು. ಸೊಸೆಯ ತವರಿನವರು ಬಂದಿದ್ದರು. ಬಾಡಿನ ಸಾರಿನ ಘಮ ಬೀದಿಯವರೆಗೂ ಇತ್ತು. ಮಾವ ನಡುವೆ ಮಣೆಯ ಮೇಲೆ ಕೂತು ಬೀಗರಿಗೆ ಏನೋ ಹೇಳುತ್ತಿದ್ದರು.

"ಬಾರವ್ವ ಚೈತ್ರಾ. ನೋಡಿ, ಇವ್ಳೇ. ಹಡಗ್ನೋರು ಎಲ್ಲಿದ್ರೂ ಇವ್ಳಿಗೇ ಫೋನ್ ಮಾಡೋದು. ಸಮುದ್ರದ್ ಮಧ್ಯ ನಿಂತ್ಕಂಡು ಕಲ್ಯದೋಳ್ನ ಕೇಳ್ತಾರೆ." ಹಿಂದೆ ನಿಂತ ಮತೀನನನ್ನು ನೋಡಿ ದನಿ ಇಳಿಯಿತು. "ಇವ್ನ್ಯಾಕೆ ಬಂದ?"

"ಗಾಡಿ ಓಡಿಸ್ಕೊಂಡು ಬಂದ. ಒಸಿ ತೋಟದ ಕಡೆ ಬನ್ನಿ ಮಾವ."

"ಊಟ ಮಾಡ್ಕಂಡು ಮಾತಾಡಿದ್ರಾಯ್ತು."

"ಈಗಲೇ ಬನ್ನಿ."

ಮಾವಿನ ಮರದ ಕೆಳಗೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಮುಗಿಸುವ ಮೊದಲೇ ಅವರು ಮತೀನನ ಕಡೆ ತಿರುಗಿದ್ದರು.

"ನಾನ್ ಯಜಮಾನ್ರಿಗೆ ಆವತ್ತೇ ಹೇಳಿದ್ದೆ. ಇವನ್ ಮ್ಯಾಲೆ ಒಂದ್ ಕಣ್ಣಿಡಿ ಅಂತ. ಉಂಗ್ರ ಇವ್ನ ಕೈಲಿ ಐತೆ."

"ಮೇಸ್ತ್ರಿ," ಎಂದ ಮತೀನ್, "ನಿಮ್ ಕಣ್ಣು ನನ್ ಮ್ಯಾಲೇ ಇತ್ತಲ್ಲ. ನಾನ್ ಬದಲಾಯ್ಸಿದ್ದು ಅದ್ಕೆ ಕಾಣ್ಲಿಲ್ವಾ?"

"ಏನ್ಲಾ ಅಂದೆ?"

"ಇಬ್ಬರೂ ಸುಮ್ಮನಿರಿ." ನಾನು ಟವೆಲ್ ಬಿಡಿಸಿ ಕೊಕ್ಕೆಯನ್ನು ಅವರ ಕೈಗೆ ಕೊಟ್ಟೆ. "ಉಂಗುರ ತೆಗೆದು ನೋಡಿ ಮಾವ."

ಅವರು ತೆಗೆದರು. ಮುಕ್ಕನ್ನು ನೋಡಿದರು. ಅವರ ಹೆಬ್ಬೆರಳು ತಾನಾಗಿಯೇ ಆ ಕುಳಿಯ ಮೇಲೆ ಹೋಗಿ ಕೂತಿತು. ದಾರಿ ಗೊತ್ತಿದ್ದ ಬೆರಳು ಅದು. ಅವರೂ ಅದನ್ನು ಗಮನಿಸಿದರು, ನಾನು ಗಮನಿಸಿದ್ದನ್ನೂ ಗಮನಿಸಿದರು.

"ಅರಿಶಿನ ಮೆತ್ತಿದ್ದು ಯಾರು ಮಾವ?"

"ಪೂಜೆ ದಿನ ಎಲ್ಲಾರೂ ಇಡ್ತಾರೆ."

"ಇಟ್ಟದ್ದಲ್ಲ. ಒತ್ತಿ ಮೆತ್ತಿದ್ದು."

"ನಮ್ಮನೆ ಬಾಗ್ಲಿಗೆ ಬಂದು, ಬೀಗ್ರು ಇರೋ ಹೊತ್ನಲ್ಲಿ, ನನ್ನೇ ಕಳ್ಳ ಅಂತೀಯೇನವ್ವ ನೀನು?"

"ಕಳ್ಳ ಅಂದಿಲ್ಲ. ಯಾವ ಉಂಗುರ ಯಾವುದಕ್ಕೆ ಹಾಕಿದ್ರಿ ಅಂತ ಕೇಳ್ತಿದೀನಿ."

"ನಾನ್ ಮುಟ್ಟಿಲ್ಲ."

"ಮಾವ, ಹಡಗು ಮಧ್ಯಾಹ್ನ ಹೊರಡುತ್ತೆ. ನಾನು ತಪ್ಪು ಬಣ್ಣ ಹೇಳಿದರೆ ಮಲಗಿರಬೇಕಾದ್ದು ಏಳುತ್ತೆ, ಏಳಬೇಕಾದ್ದು ಅಲ್ಲೇ ಉಳಿಯುತ್ತೆ. ಆಮೇಲೆ ಹಾರೋಹಳ್ಳಿಯ ಕೊಕ್ಕೆಯನ್ನು ಯಾವ ಹಡಗೂ ಕೇಳಲ್ಲ. ನೀವು ಮಾಡಿದ ಕೊಕ್ಕೆ ಅದು. ಅದರ ಮಾನ ಉಳಿಸಬೇಕಾದವರು ನೀವೇ."

ಅಂಗಳದಿಂದ ಯಾರೋ ನಕ್ಕ ಸದ್ದು ಬಂತು. ಮಾವ ಮರದ ಬೊಡ್ಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತರು.

"ಮುಕ್ಕಾದದ್ದನ್ನ ಹೆಂಗವ್ವ ನಡುಮಧ್ಯ ಇಡೋದು?" ಎಂದರು. "ಸಂಸ್ಥೆಯೋರು ಬಂದಿದ್ರು. ಫೋಟೋ ತೆಗೀತಿದ್ರು. ಕೆಂಪಿಂದೇ ಮೊದಲ್ನೇ ಪೂಜೆ. ಅದ್ಕೆ ಅದ್ರ ಉಂಗ್ರ ತೆಗ್ದು, ನೀಲಿ ಕೊಕ್ಕೆ ಒಂಚೂರೂ ಮುಕ್ಕಿಲ್ದೆ ಇತ್ತಲ್ಲ, ಅದ್ಕೆ ಹಾಕ್ದೆ. ನೀಲಿ ಉಂಗ್ರನ ಇದ್ಕಾಕಿ ಮೂಲೇಲಿ, ಸೇವಂತಿಗೆ ಹೂವಿನ ಹಿಂದ್ಗಡೆ ಇಟ್ಟೆ. ಪೂಜೆ ಆಗ್ತಲೂ ವಾಪಸ್ ಹಾಕ್ಬೇಕು ಅಂತ್ಲೇ ಇದ್ದೆ ಕಣವ್ವ. ಅಷ್ಟ್ರಲ್ಲಿ ಬಂದರಿಗೆ ಹೋಗೋ ಲಾರಿ ಬಂದ್ಬುಡ್ತು. ಹಾಕ್ದೆ ಅಂತ್ಲೇ ಅನ್ಕಂಡಿದ್ದೆ. ದೇವ್ರಾಣೆ, ಈ ಗಳಿಗೆವರ್ಗೂ ಹಾಕಿದ್ದೀನಿ ಅಂತ್ಲೇ ಅನ್ಕಂಡಿದ್ದೆ."

"ಹಳದಿ, ಹಸಿರು?"

"ಅವನ್ಯಾಕೆ ಮುಟ್ಲಿ? ಬಲಕ್ಕೆ ಹಳದಿ, ಎಡಕ್ಕೆ ಹಸಿರು. ಇನ್ನೂ ಕಣ್ಣಿಗ್ ಕಟ್ದಂಗೈತೆ. ಮುಕ್ಕಾಗಿದ್ದು ಒಂದೇ. ಬದಲಾಯ್ಸಿದ್ದು ಎರಡೇ."

"ಖಾತ್ರಿಯಾ ಮಾವ?"

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸುಳ್ಳು ಹೇಳುವಾಗ ಅವರು ನನ್ನ ಮುಖ ನೋಡಿರಲಿಲ್ಲ, ಕೊಕ್ಕೆಯನ್ನೇ ನೋಡುತ್ತಿದ್ದರು.

"ಖಾತ್ರಿ."

"ಬದಲಾಯಿಸಿದ್ದನ್ನು ಯಾರಾದರೂ ನೋಡಿದರಾ?"

"ಬಾಗ್ಲಿಗೆ ಬಾಳೆಕಂದು ಕಟ್ತಾ ಮಧು ಇದ್ದ. ಅವ್ನ ಬೆನ್ನು ಈ ಕಡೀಕಿತ್ತು." ಆಮೇಲೆ ಅವರು ಎದ್ದು, ನನ್ನನ್ನು ದಾಟಿ ಮತೀನನ ಮುಂದೆ ಹೋಗಿ ನಿಂತರು. ಎರಡೂ ಕೈ ಜೋಡಿಸಿದರು.

"ಬುಡಿ ಮೇಸ್ತ್ರಿ," ಎಂದ ಮತೀನ್. "ಮನೇಗ್ ಬಂದೋನ್ಗೆ ಒಂದ್ ಮಾವಿನಣ್ಣು ಸೈತ ಕೊಡ್ಲಿಲ್ಲ ನೀವು. ಮೊದ್ಲು ಅದ್ಕೆ ಬೇಜಾರು ಮಾಡ್ಕಳಿ."

ಹಡಗಿಗೆ ಕರೆ ಮಾಡಿದೆ. ಕೂಡಲೇ ಸಿಕ್ಕಿತು.

"ಮಧು, ನೀಲಿ ಕರಿ."

"ನೀಲೀನಾ? ಖಾತ್ರಿನಾ ಅಕ್ಕ?"

"ಖಾತ್ರಿ. ಈಗಲೇ ಒತ್ತು."

"ಒತ್ತಿದೆ," ಎಂದ.

*

ಮಾವ ನಮ್ಮ ಜೊತೆಗೇ ಹೊರಟರು. ದೇವರಾಜ್ ಸರ್ ಮುಂದೆ ನಿಂತು ತಾವೇ ಹೇಳುತ್ತೇನೆ, ಯಂತ್ರ ಏಳಲಿ ಬಿಡಲಿ, ಎಂದು ಹಟ ಹಿಡಿದರು. ಬೀಗರಿಗೆ ಕಾರ್ಖಾನೆಯಲ್ಲಿ ತುರ್ತು ಕೆಲಸ ಎಂದರು. ಬೀಗರು ಗೌರವದಿಂದ ಎದ್ದು ನಿಂತರು.

"ಮೇಲ್ ಬರೋಕೆ ಎಷ್ಟೊತ್ತಕ್ಕ?" ಎಂದು ವ್ಯಾನಿನಲ್ಲಿ ಮತೀನ್ ಕೇಳಿದ.

"ನಾಲ್ಕು ಕಿಲೋಮೀಟರ್ ನೀರು. ನಾವು ನಡೆಯುವಷ್ಟೇ ನಿಧಾನವಾಗಿ ಏಳುತ್ತೆ. ಒಂದು ಗಂಟೆಯ ಮೇಲೇ ಬೇಕು."

"ಹಂಗಾರೆ ಮಾಗಡೀಲಿ ಏನಾದ್ರೂ ತಿನ್ನಾನ. ಬೆಳಗಿಂದ ಪೊಲೀಸ್ರ ಭಯ ಬುಟ್ರೆ ಇನ್ನೇನೂ ಹೊಟ್ಟೇಗ್ ಬಿದ್ದಿಲ್ಲ."

ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ದೋಸೆ ಹೇಳಿದೆವು. ಮಾವ ಬೇಡವೆಂದು ನೀರಿನ ಲೋಟವನ್ನೇ ತಿರುಗಿಸುತ್ತ ಕೂತರು. ದೋಸೆ ಇನ್ನೂ ಬಂದಿರಲಿಲ್ಲ. ಫೋನ್ ಅದುರಿತು.

"ಬಂತು ಅಕ್ಕಾ. ಬಂತು. ಹಡಗಿಂದ ಒಂದ್ ಕೂಗಳತೇಲಿ ತೇಲ್ತಾ ಐತೆ. ಕಿತ್ತಳೆ ಬಣ್ಣದ ಬಾವುಟ ಕಾಣ್ತಾ ಐತೆ. ಯಾಸ್ಮಿನ್ ಮೇಡಂ ಅಳ್ತಾವ್ರೆ. ನೀನ್ ಹೇಳಿದ್ದೇ ತಡ ಒತ್ತಿದ್ದು ನಾನು."

ಮತೀನ್ ಮೇಜಿಗೆ ಗುದ್ದಿದ. ಲೋಟಗಳು ಹಾರಿದವು. ಮಾವ ಕಣ್ಣಿಗೆ ಪಂಚೆಯ ಚುಂಗು ಒತ್ತಿಕೊಂಡರು. ಪಕ್ಕದ ಮೇಜಿನವರು ಏನೆಂದು ಕೇಳಿದಾಗ ಮತೀನ್ ಗಟ್ಟಿಯಾಗಿ ಹೇಳಿದ: "ನಮ್ ಕೊಕ್ಕೆ. ಸಮುದ್ರದ್ ತಳದಿಂದ ಎದ್ದು ಬಂತು. ಇವ್ರು ಮಾಡಿದ್ದು, ಈ ಮೇಸ್ತ್ರಿ." ಅವನ ಕೈ ಮಾವನ ಹೆಗಲ ಮೇಲಿತ್ತು. ಯಾರೋ ಎದ್ದು ಬಂದು ಮಾವನ ಕೈ ಕುಲುಕಿದರು. ಹೋಟೆಲಿನವನು ದೋಸೆಯ ಮೇಲೆ ಬೆಣ್ಣೆ ಹೆಚ್ಚೇ ಇಟ್ಟ.

ಚನ್ನಪಟ್ಟಣದ ಕಡೆತ, ಕಲ್ಯದ ಕೈ, ಹಾರೋಹಳ್ಳಿಯ ಲೋಹ, ಇವೆಲ್ಲ ಸೇರಿ ಅಷ್ಟು ಆಳದಲ್ಲಿ ಆರು ತಿಂಗಳು ಬಾಯಿ ಕಚ್ಚಿ ನಿಂತಿದ್ದವು, ಕರೆದಾಗ ಎದ್ದು ಬಂದವು. ಅವ್ವನಿಗೆ ಹೇಳಬೇಕು ಅನ್ನಿಸಿತು.

ದೇವರಾಜ್ ಸರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಮಾವ ಎದ್ದು ನಿಂತೇ ತಮ್ಮ ತಪ್ಪು ಒಪ್ಪಿಕೊಂಡರು. ಸರ್ ಮೊದಲು ಕೇಳಿದ್ದು ಮತೀನನನ್ನು.

"ಮತೀನ್ ಅಲ್ಲಿದಾನಾ?"

"ಇವ್ನಿ ಸರ್."

"ನಾಳೆ ನಾನೇ ಚನ್ನಪಟ್ಟಣಕ್ಕೆ ಬರ್ತೀನಿ. ನಿಮ್ಮ ತಾಯಿಯವರ ಹತ್ತಿರ ಮಾತಾಡಬೇಕು." ಆಮೇಲೆ ದನಿ ಎತ್ತಿದರು, ಹಳೆಯ ಗತ್ತು ಮರಳಿತ್ತು. "ಸಂಸ್ಥೆಯವರಿಗೆ ಈಗಲೇ ಫೋನ್ ಮಾಡ್ತೀನಿ ಚೈತ್ರಾ. ಉಂಗುರ ತಪ್ಪಿರಬಹುದು, ಕೊಕ್ಕೆ ತಪ್ಪಲಿಲ್ಲ ಅಂತ ಹೇಳ್ತೀನಿ. ನಮ್ಮ ಕೊಕ್ಕೆ ಕರೆಯದೆ ಬಾಯಿ ಬಿಟ್ಟದ್ದು ಒಂದೇ ಒಂದು ಸಲವೂ ಇಲ್ಲ."

"ಇಲ್ಲ ಸರ್," ಎಂದೆ.

ಹಾಗೆಂದ ಮೇಲೆ ಆ ಮಾತೇ ನನ್ನನ್ನು ತಡೆದು ನಿಲ್ಲಿಸಿತು.

ಕರೆಯದೆ ಬಾಯಿ ಬಿಡುವುದಿಲ್ಲ. ಮೇಲೇರಲು ಒಂದು ಗಂಟೆಯ ಮೇಲೇ ಬೇಕು. ಕಲ್ಯದ ಮಾವಿನ ಮರದ ಕೆಳಗೆ ನಿಂತು ನಾನು ನೀಲಿ ಎಂದು ಹೇಳಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಫೋನಿನಲ್ಲಿ ಎರಡೂ ಕರೆಗಳ ವೇಳೆ ತೆಗೆದು ನೋಡಿದೆ. ಮತ್ತೊಮ್ಮೆ ನೋಡಿದೆ.

ನಾನು ಹೇಳುವ ಹೊತ್ತಿಗೆ ಯಂತ್ರ ಆಗಲೇ ಅರ್ಧ ದಾರಿ ಮೇಲೆ ಬಂದಿತ್ತು.

ಯಾರೋ ಅದನ್ನು ಮೊದಲೇ ಕರೆದಿದ್ದರು. ನೀಲಿಯನ್ನೇ ಕರೆದಿದ್ದರು. ಮಾವ ಒಪ್ಪಿಕೊಳ್ಳುವ ಮೊದಲೇ, ಕೆಳಗಿರುವುದು ನೀಲಿ, ಬದಲಾದದ್ದು ಎರಡೇ ಎಂದು ಅವರಿಗೆ ಖಚಿತವಾಗಿ ಗೊತ್ತಿತ್ತು. ಸಂಸ್ಥೆಗೆ ಮೆಸೇಜ್ ಕಳಿಸಿದವರಿಗೂ ಗೊತ್ತಿದ್ದದ್ದು ಅದೇ. ಹಡಗಿನಲ್ಲಿ ಕರೆಯುವ ಪೆಟ್ಟಿಗೆ ಇರುವುದು ಒಂದೇ, ಅದು ಒಬ್ಬನ ಕೈಯಲ್ಲಿ. ಬಾಳೆಕಂದು ಕಟ್ಟುವಾಗ ಬೆನ್ನು ತಿರುಗಿಸಿ ನಿಂತಿದ್ದವನ ಕೈಯಲ್ಲಿ. ಗೊತ್ತಿದ್ದೂ ಸಂಜೆಯಿಂದ ಅವನು ಕೆಂಪನ್ನೇ ಕರೆಯುತ್ತ ಕೂತದ್ದು ಯಾಕೆಂದು ಮಾತ್ರ ನನಗೆ ತಿಳಿಯಲಿಲ್ಲ.

ಅಥವಾ ಅವನು ನಿದ್ದೆಗೆ ಜಾರಿದಾಗ ಆ ಪೆಟ್ಟಿಗೆಯನ್ನು ಇನ್ನೊಬ್ಬರು ತೆಗೆದುಕೊಂಡಿದ್ದರೆ? ಹಾಗೆಯೇ ಇರಲಿ ಎಂದು ನನ್ನ ಮನಸ್ಸು ಬೇಡಿಕೊಂಡಿತು. ಮಧು ನನ್ನನ್ನು ಅಕ್ಕ ಎಂದು ಕರೆದವನು. ಮೊದಲ ಸಂಬಳದಲ್ಲಿ ನಮ್ಮವ್ವನಿಗೆ ಸೀರೆ ತಂದವನು.

ಫೋನ್ ಮತ್ತೆ ಅದುರಿತು. ಅವನೇ.

"ಏನಕ್ಕ, ನಿಂಗೆ ಖುಷೀನೇ ಇಲ್ವಾ? ಒಂದ್ ಮಾತೂ ಆಡ್ಲಿಲ್ಲ."

ಹಳದಿ, ಹಸಿರು ಇನ್ನೂ ಕೆಳಗಿದ್ದವು. ಅವುಗಳ ಗುಂಡಿಗಳೂ ಅದೇ ಪೆಟ್ಟಿಗೆಯಲ್ಲಿದ್ದವು. ನನಗೆ ಗೊತ್ತಾಗಿದೆ ಎಂದು ಗೊತ್ತಾದರೆ ಆ ಬೆರಳು ಇನ್ನೇನು ಒತ್ತುವುದೋ ನಾನು ಊಹಿಸಲಾರೆ.

ಎದುರಿಗೆ ಮತೀನ್ ತನ್ನ ದೋಸೆಯ ಅರ್ಧವನ್ನು ಮುರಿದು, ಬೇಡವೆನ್ನುತ್ತಿದ್ದ ಮಾವನ ತಟ್ಟೆಗೆ ಹಾಕುತ್ತಿದ್ದ.

"ಖುಷಿ ಐತೆ ಮಧು," ಎಂದೆ. ಒಂದೊಂದೇ ಪದ ಆರಿಸಿಕೊಂಡೆ. "ಚೆನ್ನಾಗಿ ಮಾಡಿದೆ. ಹುಷಾರಾಗಿ ದಡಕ್ಕೆ ಬಾ."

"ಯಾರಕ್ಕ?" ಎಂದು ಮತೀನ್ ಕೇಳಿದ. "ಯಾಕೆ ಮುಖ ಬಾಡ್ತು?"

"ಮಧುನೇ. ಏನಿಲ್ಲ, ನಿದ್ದೆಗೆಟ್ಟಿದೀನಿ."

ಎರಡು ಕರೆಗಳ ವೇಳೆ ಇದ್ದ ಪರದೆಯನ್ನು ಆರಿಸಿ, ಫೋನನ್ನು ಚೀಲದೊಳಗೆ ಹಾಕಿದೆ. ಸರ್‌ಗೆ ಹೇಳುವುದಿಲ್ಲ. ಮಾವನಿಗೂ ಇಲ್ಲ, ಮತೀನನಿಗೂ ಇಲ್ಲ. ಹಡಗು ದಡ ಮುಟ್ಟಿ ಆ ಪೆಟ್ಟಿಗೆ ನನ್ನ ಕೈಗೆ ಬರುವವರೆಗೆ ಇದು ನನ್ನೊಬ್ಬಳದೇ.